ದನಿ ಕೊಟ್ಟ ದೋಣಿ

ಚಿಂಚೋಳಿ, ಸೋಮವಾರ

ಅಪ್ಪನಿಗೆ ಲುಂಬಿನಿಯ ಜೈಭೀಮ್.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಈ ಕಾಗದ.

ಮಕ್ಕಳನ್ನು ಕೆರೆ ಸುತ್ತಿಸಲು ಕೊಳ್ಳೋಣವೆಂದು ನೋಡಿದ ಎರಡು ಹಳೆಯ ಫೈಬರ್ ಮೋಟಾರ್ ದೋಣಿಗಳಲ್ಲಿ ನನ್ನ ಮನಸ್ಸು ನೀಲಿಯದರ ಮೇಲಿತ್ತು. ನೀವು ಶಹಾಬಾದ್ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ತಟ್ಟಿ ನೋಡುತ್ತಿದ್ದ ಹಾಗೆಯೇ ಎರಡರ ತಳವನ್ನೂ ಬೆರಳ ಗೆಣ್ಣಿನಿಂದ ತಟ್ಟಿ, “ಕಲ್ಲಾಗ್ಲಿ ದೋಣಿಯಾಗ್ಲಿ, ಬಿರುಕಿದ್ರ ದನಿ ಕೊಡಂಗಿಲ್ಲ. ನೀಲಿ ಬ್ಯಾಡವ್ವ” ಅಂದಿರಿ. ಕಿವಿ ಕೇಳದವರು ದನಿಯ ಮಾತಾಡುತ್ತಾರೆಂದು ಎಲ್ಲರೆದುರು ನಕ್ಕೆ. ಕೊನೆಗೆ ಬಿಳಿಯದನ್ನೇ ತಂದೆವು.

ನಿನ್ನೆ ಕೆರೆಯ ನಡುವೆ ಆ ನೀಲಿ ದೋಣಿಯ ತಳ ಸೀಳಿತು. ಅದನ್ನು ಕೊಂಡಿದ್ದ ಮನೆಯವರನ್ನೆಲ್ಲ ನಮ್ಮ ದೋಣಿಯಲ್ಲೇ ದಡಕ್ಕೆ ತಂದೆವು. ನೀವು ಬೇಡವೆನ್ನದಿದ್ದರೆ ಅದರಲ್ಲಿ ನನ್ನ ಮಕ್ಕಳಿರುತ್ತಿದ್ದರು, ಅಪ್ಪಾ.

ಬರುವ ಭಾನುವಾರ ದೋಣಿ ಹತ್ತಲು ಬನ್ನಿ. ಕಿವಿಯ ಮಷೀನು ಮನೆಯಲ್ಲೇ ಇರಲಿ, ನೀರು ಬಿದ್ದರೆ ಕೆಡುತ್ತದೆ. ನಿಮ್ಮ ಬೆರಳಿಗೇ ಕೇಳಿಸುತ್ತದೆ.

ನಕ್ಕ ಮಗಳು,
ಲುಂಬಿನಿ