ಎತ್ತಿದ ಭಂಡಾರ

ಕಬನೂರ, ಇಚಲಕರಂಜಿ
ಆಗಸ್ಟ್ ೧೨, ಮಂಗಳವಾರ

ಪ್ರೀತಿಯ ಸುಮಿತ,

ಅವ್ವನ ಆಶೀರ್ವಾದ. ಹೇಗಿದ್ದೀಯಪ್ಪಾ? ಗಡಚಿರೋಲಿಯ ಕಾಡಿನಲ್ಲಿ ಡ್ಯೂಟಿ ಮಾಡುವವನಿಗೆ ಹೊತ್ತಿಗೆ ಸರಿಯಾಗಿ ಉಣ್ಣು ಎಂದರೆ ನೀನು ನಗುತ್ತೀ, ಆದರೂ ಉಣ್ಣು. ಸೊಳ್ಳೆಪರದೆ ಕಟ್ಟದೆ ಮಲಗಬೇಡ. ನಿಮ್ಮ ಕ್ಯಾಂಪಿಗೆ ಫೋನ್ ಹತ್ತುತ್ತಿಲ್ಲ. ರಜೆ ಮುಗಿಸಿ ಹೊರಟ ನಿನ್ನ ಜೊತೆಯ ಪೊಲೀಸ್, ಗಡಹಿಂಗ್ಲಜದ ಪಾರೀಸನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ನೀನು ಮರಾಠಿ ಶಾಲೆಯವ, ನನ್ನ ಕನ್ನಡ ಕೂಡಿಸಿ ಕೂಡಿಸಿ ಓದಿಕೋ.

ನಿನ್ನ ಹೆಂಡತಿ ರೂಪಾಲಿಗೆ ಏಳು ತಿಂಗಳು ತುಂಬಿತು. ಕಾಲು ಬಾತಿವೆ, ಬಿಪಿ ಇಳಿಯುತ್ತಿಲ್ಲ. ತಡ ಮಾಡದೆ ಕೊಲ್ಲಾಪುರದ ದೊಡ್ಡ ದವಾಖಾನೆಗೆ ಸೇರಿಸಿ ಎಂದು ಇಲ್ಲಿಯ ಡಾಕ್ಟರು ಹೇಳಿದ್ದಾರೆ.

ಇನ್ನು ನಿನ್ನ ಅಪ್ಪನ ಪ್ರತಾಪ ಕೇಳು. ಬಟ್ಟೆಗೆ ಗಿರಾಕಿ ಇಲ್ಲದೆ ಊರಿನ ಅರ್ಧ ಮಗ್ಗಗಳು ನಿಂತಿವೆ. ಈ ಅಡಚಣಿಗೆಂದು ಸಾಹೇಬರು, ಪುಢಾರಿಗಳು ತಮ್ಮ ಪಗಾರ ಕಡಿಮೆ ಮಾಡಿಕೊಂಡರಂತೆ ಎಂದು ಟಿವಿಯಲ್ಲಿ ಬಂದದ್ದೇ ತಡ, ನಿನ್ನ ಅಪ್ಪನೂ ಸೇರಿ ನಮ್ಮ ಪಂಚಾಯತಿ ಮೆಂಬರರೆಲ್ಲ ಅರ್ಧ ಮಾನಧನ ಬಿಟ್ಟುಕೊಟ್ಟರು. ಒಳ್ಳೆಯದೇ ಆಯಿತೆನ್ನು. ಅದಕ್ಕೊಂದು ಸತ್ಕಾರ, ತಲೆಗೆ ಫೇಟಾ, ಕೈಗೆ ಮೈಕು. ಫೇಟಾ ಸುತ್ತಿದ ಮೇಲೆ ನಿನ್ನ ಅಪ್ಪನ ನಾಲಿಗೆಗೆ ಲಗಾಮು ಎಲ್ಲಿಯದು? ಚಿಂಚಲಿ ಮಾಯಕ್ಕದೇವಿಯ ಭಂಡಾರದ ಅರಿಶಿನ ಹಿಡಿದ ಕೈ ಮೇಲೆತ್ತಿ, "ಈ ಅಡಚಣಿ ತೀರೂತನಕ ನಮ್ಮನ್ಯಾಗ ಯಾರೂ ಸರ್ಕಾರಿ ಪಗಾರ ಮುಟ್ಟಾಂಗಿಲ್ಲ! ನಂದೂ ಬ್ಯಾಡ, ನನ್ನ ಪೊಲೀಸ ಮಗಂದೂ ಬ್ಯಾಡ!" ಎಂದು ಆಣೆ ಮಾಡಿಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ರೂಪಾಲಿಯನ್ನು ಕಂಡ ಮೇಲೆ ದವಾಖಾನೆಯ ಖರ್ಚು ನೆನಪಾಯಿತು. ಫೇಟಾ ತೆಗೆಯುವುದನ್ನೂ ಮರೆತು ಕಟ್ಟೆಯ ಮೇಲೆ ಕೂತುಬಿಟ್ಟರು.

ಮರುದಿನವೇ ಪೂಜಾರಿ ಯಲಗೂರಪ್ಪನ ಬಳಿ ಓಡಿದರು. "ಎತ್ತಿದ ಭಂಡಾರ ಹೊಳ್ಳಿ ಇಳಸಾಕ ಬರಾಂಗಿಲ್ಲೋ ಮಾಯಪ್ಪಾ" ಎಂದು ಆತ ಕೈ ಚೆಲ್ಲಿದ. ಈಗ ಕೈಸಾಲಕ್ಕೆ ಕಾಗಲ, ಹಾತಕಣಂಗಲೆ ತಿರುಗುತ್ತಿದ್ದಾರೆ. ಇಂಥ ದಿನಗಳಲ್ಲಿ ಯಾರು ಕೊಡುತ್ತಾರೆ? ನಿನ್ನ ಪಗಾರ ಬ್ಯಾಂಕಿಗೆ ಬಂದು ಬಿದ್ದಿದೆ, ಕಾರ್ಡು ದೇವರ ಮಾಡದಲ್ಲಿದೆ. ತೆಗೆಯೋಣ ಎಂದರೆ ರೂಪಾಲಿಯೇ ಅಳುತ್ತಾಳೆ: "ಬ್ಯಾಡ್ರಿ ಅತ್ತಿ, ಆಣಿ ಮುರಿದು ಕೂಸಿಗೆ ಏನರ ಆದ್ರ?" ನನಗೂ ಭಾಳ ಹೆದರಿಕೆಯಪ್ಪಾ. ಮುರಿದರೂ ಹೆದರಿಕೆ, ಮುರಿಯದಿದ್ದರೂ ಹೆದರಿಕೆ.

ಕಾಡಿನಲ್ಲಿ ಹುಷಾರಾಗಿರು. ಆ ತಾಯಿ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಚೆನ್ನವ್ವ

ತಾ.ಕ.: ಪಾರೀಸ ಬಾಗಿಲಲ್ಲಿ ಗಾಡಿ ಚಾಲೂ ಇಟ್ಟು ನಿಂತಿದ್ದಾನೆ. ಬೆಳಿಗ್ಗೆಯಿಂದ ರೂಪಾಲಿಗೆ ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗಿದೆ ಎನ್ನುತ್ತಾಳೆ. ಇನ್ನು ಕಾಯುವುದು ನನ್ನಿಂದಾಗದು. ಕಾರ್ಡು ತೆಗೆದುಕೊಂಡಿದ್ದೇನೆ, ರಿಕ್ಷಾ ಬಂದಿದೆ, ಕೊಲ್ಲಾಪುರಕ್ಕೆ ಹೊರಟೆವು. ರೂಪಾಲಿಗೂ ನಿನ್ನ ಅಪ್ಪನಿಗೂ ಇದು ನನ್ನ ತಮ್ಮ ಯಮನಪ್ಪ ಕೊಟ್ಟ ರೊಕ್ಕ ಎಂದು ಹೇಳಿದ್ದೇನೆ. ಯಾರು ಕೇಳಿದರೂ ನೀನು ಹಾಗೇ ಹೇಳು. ಮಾಯಕ್ಕನಿಗೆ ಮಾತ್ರ ನಿಜ ಹೇಳಿದ್ದೇನೆ. ಮುಟ್ಟಿದವಳು ನಾನು, ಏನು ಮಾಡುವುದಿದ್ದರೂ ನನಗೇ ಮಾಡು ತಾಯಿ, ರೂಪಾಲಿಯನ್ನೂ ಕೂಸನ್ನೂ ಬಿಡು ಎಂದಿದ್ದೇನೆ.