ಬೀರುವಿನೊಳಗಿನ ರೂಟರ್

ಜೂನ್ ೧೪, ರಾತ್ರಿ

ಇವತ್ತೂ ಇಂಟರ್ನೆಟ್ ಆಮೆಯ ಹಾಗೆ ತೆವಳಿತು. ಮಗಳ ಆನ್‌ಲೈನ್ ಪಾಠ ನಡುವೆಯೇ ನಿಂತುಹೋಯಿತು. ಇವರು ಕಂಪ್ಯೂಟರ್ ಬಿಚ್ಚಿ ಧೂಳು ಒರೆಸಿದರು, ಕೊನೆಗೆ ವೈರಿನ ಜಾಡು ಹಿಡಿದು ಕಬ್ಬಿಣದ ಬೀರು ತೆರೆದರು.

"ರೂಟರನ್ನ ಕಂಬಳಿ ಮಧ್ಯೆ ಯಾರು ತುರುಕಿದ್ದು?"

"ಧೂಳಾಗುತ್ತೆ ಅಂತ ನಾನೇ ಇಟ್ಟೆ."

ಧೂಳಲ್ಲ, ಹೊಟ್ಟೆಕಿಚ್ಚು. ಮಹಡಿಯಲ್ಲಿರುವ ಓರಗಿತ್ತಿ ನಮ್ಮ ಇಂಟರ್ನೆಟ್‌ನಲ್ಲೇ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಅತ್ತೆ ಅವಳ ಕಂಠವನ್ನು ಬಂದವರೆದುರೆಲ್ಲ ಹೊಗಳುತ್ತಾರೆ. ನಾನೂ ಹಾಡುತ್ತಿದ್ದೆ ಎಂಬುದು ಈ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಇವರು ರೂಟರನ್ನು ಕಿಟಕಿಯ ಬಳಿ ಇಟ್ಟದ್ದೇ ತಡ, ಪಾಠ ಸರಾಗವಾಯಿತು. ಮೇಲಿನಿಂದ ಓರಗಿತ್ತಿ ಕೂಗಿದಳು, "ಅಕ್ಕಾ, ನಮಗೂ ಈಗ ಚೆನ್ನಾಗಿ ಬರ್ತಿದೆ."

ಎಲ್ಲರೂ ಮಲಗಿದ ಮೇಲೆ ಅದನ್ನು ಮತ್ತೆ ಬೀರುವಿಗೆ ಸೇರಿಸಿದೆ. ನಾಳೆ ಬೆಳಗ್ಗೆ ಅವಳ ತರಗತಿ ಇದೆ. ಅದೇ ಹೊತ್ತಿಗೆ ಮಗಳ ಪರೀಕ್ಷೆಯೂ ಇದೆ. ಎದ್ದು ತೆಗೆಯಬೇಕು, ಮನಸ್ಸೇ ಬರುತ್ತಿಲ್ಲ.