ಗಟಾರ ಉಳಿಯಿತು, ಕಾಯಿಪಲ್ಯ ಹೋಯಿತು

ನಗರದ ಸ್ವಚ್ಛತೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ವಡಗಾವಿಯ ನಮ್ಮ ಓಣಿಯ ಗಟಾರ ಸ್ವಚ್ಛ ಮಾಡಿಸಿ ಎಂದು ನಾನು ನಿಮಗೆ ಅರ್ಜಿ ಕೊಟ್ಟಿದ್ದೆ. ನೀವು ಓಣಿಯಲ್ಲಿ ಕಾಯಿಪಲ್ಯ ಮಾರುತ್ತಿದ್ದ ಮಾಯಕ್ಕ ಎಂಬ ಹೆಂಗಸನ್ನು ಎಬ್ಬಿಸಿ ಕಳಿಸಿದಿರಿ. ಗಟಾರ ಇದ್ದಲ್ಲೇ ಇದೆ. ಅರ್ಜಿಯ ಮೇಲೆ ‘ಕ್ರಮ ಕೈಗೊಳ್ಳಲಾಗಿದೆ’ ಎಂಬ ಷರಾ ಬಿದ್ದು ನಾಲ್ಕು ತಿಂಗಳಾಯಿತು. ಹಿಂದೆ ಕೊಟ್ಟ ಯಾವ ಅರ್ಜಿಯೂ ಇಷ್ಟು ಚುರುಕಾಗಿ ಇತ್ಯರ್ಥವಾಗಿರಲಿಲ್ಲ. ನಿಮಗೆ ಧನ್ಯವಾದ ಹೇಳಬೇಕೇನೋ.

ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬರೀ ಗಟಾರ ನಾರುತ್ತಿದೆ ಎಂದರೆ ನೀವು ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬುದು ಏಳೆಂಟು ವರ್ಷಗಳಲ್ಲಿ ತಿಳಿದಿತ್ತು. ಹಾಗಾಗಿ ಈ ಸಲ ಜಾಣತನ ಮಾಡಿದೆ. ಗಟಾರದ ನೊಣಗಳು ಮಾಯಕ್ಕನ ಬುಟ್ಟಿಯ ಮೇಲೆ ಕೂರುತ್ತವೆ, ಅದೇ ಕಾಯಿಪಲ್ಯವನ್ನು ನಾವು ತಿನ್ನುತ್ತೇವೆ ಎಂದು ಒಂದು ಸಾಲು ಸೇರಿಸಿದೆ. ಆರೋಗ್ಯದ ಮಾತು ಬಂದರೆ ನೀವು ಹೆದರುತ್ತೀರಿ ಅಂದುಕೊಂಡೆ. ನೀವು ಹೆದರಲಿಲ್ಲ. ಗಟಾರ ತೆಗೆಯುವುದಕ್ಕಿಂತ ಬುಟ್ಟಿ ಎತ್ತುವುದು ಸುಲಭ ಎಂದು ಲೆಕ್ಕ ಹಾಕಿದಿರಿ. ಆ ಅರ್ಜಿಗೆ ಓಣಿಯ ಮೂವತ್ತೊಂದು ಮನೆಗಳ ಸಹಿಯನ್ನು ನಾನೇ ತಿರುಗಾಡಿ ಹಾಕಿಸಿಕೊಂಡಿದ್ದೆ.

ಮಾಯಕ್ಕ ಖಾನಾಪುರದ ಆಚೆಯ ಹಳ್ಳಿಯವಳು. ಮೊದಲ ಬಸ್ಸಿಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಮ್ಮದು ಮಗ್ಗಗಳ ಓಣಿ. ಮಗ್ಗ ಓಡುತ್ತಿರುವಾಗ ಎಳೆ ಹರಿದರೆ ನೋಡಲು ಆಳು ಅಲ್ಲೇ ಇರಬೇಕು, ಪೇಟೆಗೆ ಹೋಗಿ ಕೂರುವಂತಿಲ್ಲ. ಅದಕ್ಕೇ ಆಕೆ ಮೆಂತ್ಯ, ರಾಜಗಿರಿ ಸೊಪ್ಪಿನ ಸಿವುಡುಗಳನ್ನು ನಮ್ಮ ಕಿಟಕಿಯ ಸರಳಿಗೆ ಸಿಕ್ಕಿಸಿ ಹೋಗುತ್ತಿದ್ದಳು. ನಾವು ಜೈನರು, ಉಳ್ಳಾಗಡ್ಡಿ ಬಟಾಟಿಯಂಥ ಗಡ್ಡೆ ಮುಟ್ಟುವುದಿಲ್ಲ. ನಮ್ಮ ಸೊಪ್ಪನ್ನು ಅವುಗಳ ಜೊತೆ ಸೇರಿಸದೆ ಬೇರೆ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದಳು. ಪಕ್ಕದ ಮನೆಯ ರಾಜಬೀಗೆ ಸಕ್ಕರೆ ಕಾಯಿಲೆ. ಆಕೆಗೆ ಹಾಗಲಕಾಯಿ ತಪ್ಪುತ್ತಿರಲಿಲ್ಲ. ಇದನ್ನೆಲ್ಲ ಮಾಯಕ್ಕನಿಗೆ ಯಾವ ಇಲಾಖೆಯೂ ತರಬೇತಿ ಕೊಟ್ಟು ಕಲಿಸಿರಲಿಲ್ಲ.

ಆಕೆಯ ಬದಲಿಗೆ ನೀವು ಕೊಟ್ಟದ್ದೇನು? ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಮಾರುಕಟ್ಟೆ ಕಟ್ಟಡ. ಬಾಗಿಲು ತೆರೆಯುವುದು ಸಂಜೆ ಐದಕ್ಕೆ. ಮಾಯಕ್ಕನಿಗೆ ಸಿಕ್ಕ ಜಾಗ ಮೇಲಿನ ಮಹಡಿಯ ಮೂಲೆ. ಅಲ್ಲಿ ಕೂತರೆ ಊರಿಗೆ ಮರಳುವ ಬಸ್ಸು ಸಿಗುವುದಿಲ್ಲವೆಂದು ಆಕೆ ಹೋಗಲೇ ಇಲ್ಲ. ಮತ್ತೆ, ಬಡ ಬಡಾವಣೆಗಳಿಗೆ ಪೌಷ್ಟಿಕ ಆಹಾರ ಎಂದು ದೊಡ್ಡದಾಗಿ ಬರೆಸಿಕೊಂಡ ಒಂದು ವಾಹನ ಮೂರು ಸಲ ಬಂದಿತ್ತು. ಒಳಗೆ ಉಳ್ಳಾಗಡ್ಡಿ ಮತ್ತು ಬಟಾಟಿ, ಕೆಡುವುದಿಲ್ಲವಲ್ಲ! ನಾಲ್ಕನೆಯ ಸಲ ಅದೂ ಬರಲಿಲ್ಲ. ಈಗ ಓಣಿಯಲ್ಲಿ ಸಿಗುವುದು ಟೋಸ್ಟು, ಖಾರಿ, ಬಿಸ್ಕೀಟು, ಬಣ್ಣಬಣ್ಣದ ಪಾಕೀಟಿನ ಕುರುಕಲು. ಅವುಗಳ ಮೇಲೆ ನೊಣ ಕೂರುವುದಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಕ್ರಮ ಸರಿಯೇ.

ನನ್ನ ಮಗಳು ಪ್ರಾಚಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಂದಾಗ ರಕ್ತದಲ್ಲಿ ಹಿಮೋಗ್ಲೋಬಿನ್ ಹತ್ತೂವರೆ ಇತ್ತು, ಈಗ ಏಳು ಮುಕ್ಕಾಲು. ಮಾತ್ರೆ ನುಂಗಿದರೆ ವಾಂತಿ. “ದಿನಾ ತಪ್ಪಲ ಪಲ್ಯ ತಿನ್ನಸ್ರಿ” ಎಂದು ನರ್ಸಮ್ಮ ಹೇಳುತ್ತಾರೆ. ಸೊಪ್ಪು ಎಲ್ಲಿಂದ ತರಲಿ? ಮಗ್ಗ ನಿಲ್ಲಿಸಿ ನಾನೇ ಆ ಮಾರುಕಟ್ಟೆಗೆ ಹೋಗಿ ಬಂದರೆ ಸೂರ್ಯ ಮುಳುಗಿರುತ್ತಾನೆ. ನಮ್ಮ ಧರ್ಮದ ನೇಮದಂತೆ ಪ್ರಾಚಿ ಹೊತ್ತು ಮುಳುಗಿದ ಮೇಲೆ ಊಟ ಮಾಡುವವಳಲ್ಲ, ಬಸುರಿಯಾದ ಮೇಲೂ ಬಿಡಲಿಲ್ಲ. ಬೆಳಿಗ್ಗೆಯೇ ಕಿತ್ತು ಸಂಜೆಯವರೆಗೆ ಬಿದ್ದಿದ್ದ ಆ ಸೊಪ್ಪು ಮರುದಿನ ಬೆಳಗಾಗುವಷ್ಟರಲ್ಲಿ ಕೊಳೆಯುತ್ತದೆ. ಹೀಗಾಗಿ ಅವಳು ಟೋಸ್ಟು ಚಹಾದಲ್ಲಿ ಅದ್ದಿಕೊಂಡು ತಿನ್ನುತ್ತಾಳೆ. ನಾನು ನೋಡುತ್ತಾ ಕೂರುತ್ತೇನೆ. ಸಿಟ್ಟು ಬರಬೇಕಿತ್ತು, ಅಳುವಾದರೂ ಬರಬೇಕಿತ್ತು, ಎರಡೂ ಬರುತ್ತಿಲ್ಲ. ರಾಜಬೀ ಬಂದು, “ನಿಮ್ಮದೇನೂ ತಪ್ಪಿಲ್ಲ ಬಿಡ್ರಿ ಅಣ್ಣಾರ, ಅರ್ಜಿಗೆ ನಾನೂ ಹೆಬ್ಬಟ್ಟು ಒತ್ತಿದ್ನೆಲ್ಲ” ಎಂದರು. ಬೈದಿದ್ದರೆ ವಾಸಿಯಿತ್ತು.

ಹೋದ ವಾರ ಖಾನಾಪುರಕ್ಕೆ ಹೋಗಿ, ಅಲ್ಲಿಂದ ನಡೆದು ಮಾಯಕ್ಕನ ಮನೆ ಹುಡುಕಿದೆ. ಹಿತ್ತಲಿನಲ್ಲಿ ರಾಜಗಿರಿ ಮೊಳಕಾಲೆತ್ತರ ಬೆಳೆದಿತ್ತು, ಎರಡು ಎಮ್ಮೆಗಳು ಅದನ್ನೇ ಮೇಯುತ್ತಿದ್ದವು. ಕೂರಲು ಚಾಪೆ ಹಾಕಿ, ನೀರು ಕೊಟ್ಟು, ಆಮೇಲೆ ಕೇಳಿದಳು:

“ಅರ್ಜಿ ಬರದವ್ರು ನೀವ ಅಲ್ಲೇನ್ರಿ?”

ಹೌದೆಂದೆ.

“ನಿಮ್ಮ ಕಟ್ಟಿ ಮ್ಯಾಲೆ ಹದಿನಾರು ವರ್ಷ ಕುಂತೇನ್ರಿ. ನೊಣದ್ದು ನನಗ ಒಂದ್ ಮಾತು ಹೇಳಿದ್ರ ಬುಟ್ಟಿ ಮ್ಯಾಲೆ ಅರಿವಿ ಮುಚ್ಚತಿದ್ನಿ.”

ಪ್ರಾಚಿಯ ವಿಷಯ ಹೇಳಿದೆ. ಆಕೆ ಎದ್ದು ಹೋಗಿ ಎರಡು ಕೈ ತುಂಬ ರಾಜಗಿರಿ ಕಿತ್ತು ತಂದು ಕೊಟ್ಟಳು. “ನಾಳಿಗೂ ಬರ್ತಿದ್ನಿ. ಆದ್ರ ಮತ್ತ ಬುಟ್ಟಿ ಎತಗೊಂಡ ಹೋದ್ರ? ಸಾಹೇಬರ ಕಡೆಯಿಂದ ಒಂದು ಕಾಗದ ತರ್ರಿ, ಮೊದಲನೇ ಗಾಡಿಗೇ ಬರ್ತೇನಿ.” ಆ ಸೊಪ್ಪು ಎರಡು ದಿನಕ್ಕಾಯಿತು.

ನನ್ನ ಬೇಡಿಕೆ ಇಷ್ಟೇ. ವಾಹನ ಬೇಡ, ಮಹಡಿ ಬೇಡ, ಪೌಷ್ಟಿಕ ಆಹಾರದ ಕುರಿತು ನಿಮ್ಮ ಭಾಷಣವೂ ಬೇಡ. ಗಟಾರ ನಿಮಗೆ ಯಾವಾಗ ಪುರುಸೊತ್ತಾಗುತ್ತದೋ ಆವಾಗ ತೆಗೆಸಿ. ಮಾಯಕ್ಕ ನಮ್ಮ ಕಟ್ಟೆಯ ಮೇಲೆ ಕೂರಬಹುದು, ಆಕೆಯನ್ನು ಯಾರೂ ಎಬ್ಬಿಸತಕ್ಕದ್ದಲ್ಲ ಎಂದು ಎರಡು ಸಾಲು ಬರೆದು ಮೊಹರು ಒತ್ತಿ ಕೊಡಿ. ಪ್ರಾಚಿಗೆ ಬರುವ ತಿಂಗಳ ಹನ್ನೊಂದಕ್ಕೆ ದಿನ ಕೊಟ್ಟಿದ್ದಾರೆ. ನಿಮ್ಮ ಕಡತಗಳು ಕಾಯುತ್ತವೆ, ಅವಳ ಕೂಸು ಕಾಯುವುದಿಲ್ಲ.

ಇಂತಿ,
ಮಗಳ ತಟ್ಟೆಯನ್ನು ತನ್ನ ಕೈಯಾರೆ ಬರಿದು ಮಾಡಿದ,
ಪದ್ಮಾಕರ
ಎರಡು ಮಗ್ಗದ ನೇಕಾರ, ವಡಗಾವಿ, ಬೆಳಗಾವಿ